ಸೇತುವೆ ನೋಡಲು ಘಟ್ಟಕ್ಕೆ

ಕಡೂರು ತಾಲೂಕಿನ ದೇವನೂರು ಎಂದರೆ ಓದು ಬಲ್ಲವರಿಗೆ ಜೈಮಿನಿ ಭಾರತದ ಲಕ್ಷ್ಮೀಶ ಕವಿ ನೆನಪಾಗುತ್ತಾನೆ. ನನಗೆ ಅದು ತಂಗಿಯ ಗಂಡನ ಮನೆಯಿರುವ ಊರು. ತೆಂಗು, ರಾಗಿಯ ಬಯಲು ಸೀಮೆ. ಎತ್ತರದ ರೈಲು ಸೇತುವೆ ನೋಡಬೇಕೆಂದರೆ ಅರಸೀಕೆರೆ, ಹಾಸನದ ಮೇಲೆ ಸಕಲೇಶಪುರದ ಘಟ್ಟಕ್ಕೇ ಹೋಗಬೇಕು.

ನಾವು ಹೋದದ್ದೂ ಅದಕ್ಕೇ. ತಂಗಿಯ ಮಗಳು ಮನೆಯಲ್ಲಿ ಆಟದ ರೈಲು ಮಾರ್ಗ ಕಟ್ಟುತ್ತಿದ್ದಾಳೆ. ನಿಜ ರೈಲಿನ 87ನೇ ಒಂದು ಪಾಲಿನ ಅಳತೆ, ಎಚ್‌ಓ ಎನ್ನುತ್ತಾರೆ. ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕು. ಯಾವ ಸೇತುವೆ?

"ಖಾಲಾ, ಚಿನಾಬ್ ಸೇತುವೆ ಮಾಡೋಣ" ಎಂದಳು. 2025ರ ಜೂನ್‌ನಲ್ಲಿ ಉದ್ಘಾಟನೆಯಾದ ಆ ಕಮಾನು ನದಿಯಿಂದ 359 ಮೀಟರ್ ಎತ್ತರದಲ್ಲಿದೆ. 87ರಿಂದ ಭಾಗಿಸಿದರೆ ಹದಿಮೂರೂವರೆ ಅಡಿ. ಮನೆಯ ಸೂರನ್ನೇ ತೆಗೆಯಬೇಕಾಗುತ್ತದೆ!

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, 109 ಸೇತುವೆಗಳು. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ದಾರಿ. ಬ್ರಾಡ್ ಗೇಜ್ ಆದ ಮೇಲೆ 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿತು. ಏರು 50ಕ್ಕೆ 1. ಕಿಟಕಿಗೆ ಮುಖವಿಟ್ಟು ಕುಳಿತ ಹುಡುಗಿ ತಿರುವಿನಲ್ಲಿ ಒಂದು ಸಂಗತಿ ಕಂಡಳು: ಹಳಿ ಬಾಗಿದೆ, ಕೆಳಗಿನ ಉಕ್ಕಿನ ಗರ್ಡರ್‌ಗಳು ಮಾತ್ರ ನೇರ. ಎತ್ತರದ ಕಂಬದಿಂದ ಕಂಬಕ್ಕೆ ತುಂಡು ತುಂಡಾಗಿ, ತುಸು ಓರೆಯಾಗಿ ಜೋಡಿಸಿದ್ದಾರೆ. ಅಮೆರಿಕದ ಮರದ ಟ್ರೆಸಲ್ ಸೇತುವೆಯೂ ತಿರುವಿಗೆ ಹೊಂದುತ್ತದೆ, ಚಿತ್ರದಲ್ಲಿ ಚಂದವೂ ಹೌದು. ಆದರೆ ನಮ್ಮ ಘಟ್ಟದ ರೈಲಿಗೆ ನಮ್ಮ ಕಂಬವೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಅವಳೂ ಒಪ್ಪಿದಳು.

ಕಷ್ಟ ಇದ್ದದ್ದು ಜಾಗದ್ದು. ಕೆಳಹಳಿಯಿಂದ ಮೇಲಿನ ಹಳಿಗೆ 4 ಅಂಗುಲ ಬೇಕು. 50ಕ್ಕೆ 1ರಂತೆ ಏರಲು 200 ಅಂಗುಲ, ಇಳಿಯಲು ಅಷ್ಟೇ. ಒಟ್ಟು ಮೂವತ್ತಮೂರು ಅಡಿಗೂ ಮಿಕ್ಕು. ಕೋಣೆ ಹತ್ತು ಅಡಿಗೆ ಹನ್ನೆರಡು. ಅದರಲ್ಲೂ ಪಶ್ಚಿಮದ ಗೋಡೆ ದಾದಿಯದು. "ಜಾನಮಾಜ್ ಹಾಸೋ ಜಾಗ ಮಾತ್ರ ಮುಟ್ಟಬೇಡ ಬೇಟಿ" ಎಂದು ಅವರು ಮೊದಲೇ ಹೇಳಿದ್ದರು. ಮುಟ್ಟುವ ಮಾತೇ ಇರಲಿಲ್ಲ.

ಉಪಾಯ ರೈಲಿನಲ್ಲೇ ಹೊಳೆಯಿತು. ಮೇಲಿನ ಹಳಿ 2 ಅಂಗುಲ ಏರಲಿ, ಕೆಳಗಿನದು 2 ಅಂಗುಲ ಇಳಿಯಲಿ. ಉದ್ದ ಅರ್ಧವಾಯಿತು, ಏರಿಗೆ ಎಂಟು ಅಡಿ ನಾಲ್ಕು ಅಂಗುಲ, ಇಳಿಜಾರಿಗೆ ಅಷ್ಟೇ. ಉತ್ತರ, ಪೂರ್ವದ ಗೋಡೆಗಳ ಬದಿಯಲ್ಲೇ ಮುಗಿಯುತ್ತದೆ. ಸೇತುವೆ ಮೂಲೆಯ ತಿರುವಿನಲ್ಲಿ.

ಗರ್ಡರಿಗೆ ದಪ್ಪ ರಟ್ಟು, ಕಂಬಕ್ಕೆ ಅಡಿಕೆ ದಬ್ಬೆ. ದಬ್ಬೆ ಚೆನ್ನಾಗಿ ಒಣಗಿರಬೇಕು, ಹಸಿಯಾದರೆ ಆಮೇಲೆ ಸೊಟ್ಟಗಾಗುತ್ತದೆ. ಈಗ ಹನ್ನೊಂದು ಕಂಬಗಳು ದೇವನೂರಿನ ಮಾಳಿಗೆಯ ಮೇಲೆ ಬಿಸಿಲಿಗೆ ನಿಂತಿವೆ.