ಕೀಲಿಕೈ ಕೊಟ್ಟವನ ಮಾತು

ಈ ಸಂಚಿಕೆಗೆ ಶಾಲೆಯ ಹಳೆಯ ದಿನಗಳನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದ್ದರು. ಬರೆಯಲು ಕುಳಿತಾಗ ಮನಸ್ಸು ಬೇರೆಡೆಗೆ ಹರಿಯಿತು. ಕಳೆದ ಬಾರಿ ಶಾಲೆಗೆ ಬಂದಿದ್ದಾಗ ಆವರಣದ ಹೊರಗೆ, ಹುಣಿಸೆಯ ಮರದಡಿ, ಸಾಲಾಗಿ ನಿಂತಿದ್ದ ಸ್ಕೂಟರುಗಳನ್ನು ಕಂಡೆ. ಅವು ಅಧ್ಯಾಪಕರವಲ್ಲ, ಹತ್ತನೆಯ ತರಗತಿಯ ಹುಡುಗರವು ಎಂದು ಜವಾನನು ತಿಳಿಸಿದನು. ಒಳಗೆ ತರಲು ಅನುಮತಿಯಿಲ್ಲವಾದುದರಿಂದ ಹೊರಗೆ ನಿಲ್ಲಿಸುತ್ತಾರಂತೆ. ಮೂವತ್ತು ವರ್ಷಗಳಿಗೂ ಮೀರಿ ನಾನಾಗಿ ಯಾರಲ್ಲಿಯೂ ಆಡದಿದ್ದ ಸಂಗತಿಯೊಂದನ್ನು ಆದ್ದರಿಂದ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ನನ್ನ ಹುಟ್ಟೂರು ಬಂಟ್ವಾಳ ತಾಲ್ಲೂಕಿನ ನರಿಕೊಂಬು. ಸಮೀಪದ ಪೇಟೆಯೆಂದರೆ ಪಾಣೆಮಂಗಳೂರು. 1984ರಲ್ಲಿ ಶ್ರೀಮಠದ ಈ ಶಾಲೆಗೆ ಅಧ್ಯಾಪಕನಾಗಿ ಘಟ್ಟ ಹತ್ತಿದ ನಾನು, ಐದು ವರ್ಷಗಳ ಅನಂತರ ಹಳೆಯ ಬಜಾಜ್ ಚೇತಕ್ ಒಂದನ್ನು ಕೊಂಡುಕೊಂಡೆ. ಸ್ಕೂಟರಿಗಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದ ಕಾಲ ಜನರ ನೆನಪಿನಿಂದ ಆಗಿನ್ನೂ ಮಾಸಿರಲಿಲ್ಲ. ರಜೆಯಲ್ಲಿ ಊರಿಗೆ ಹೋದರೆ ನನಗಿಂತ ಹೆಚ್ಚಿನ ಉಪಚಾರ ಅದಕ್ಕೇ ಸಲ್ಲುತ್ತಿತ್ತು.

1991ರ ಮೇ ತಿಂಗಳ ಕೊನೆಯ ವಾರ. ಹಿಂದಿನ ರಾತ್ರಿ ಆ ವರ್ಷದ ಮೊದಲ ದೊಡ್ಡ ಮಳೆ ಬಿದ್ದಿತ್ತು. ಅಕ್ಕನಿಗೆ ಪೇಟೆಯಿಂದ ಏನೋ ಸಾಮಾನು ಬೇಕಾಗಿತ್ತು. “ಮಾವ, ನಾನೇ ಹೋಗಿ ಬರ್ತೇನೆ. ಗೇರು ಹಾಕ್ಲಿಕ್ಕೆ ಬರ್ತದೆ ನನಗೆ” ಎಂದ ಅವಳ ಮಗ. ಅವನಿಗೆ ಹದಿನೈದು ವರ್ಷ. ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ನಾನು ತಲೆಯೆತ್ತದೆಯೇ ಕೀಲಿಕೈಯನ್ನು ಅವನತ್ತ ಎಸೆದೆ. ನನ್ನ ಶಿರಸ್ತ್ರಾಣ ಗೋಡೆಯ ಮೊಳೆಯಲ್ಲಿಯೇ ಉಳಿಯಿತು.

ಪೇಟೆಯತ್ತ ಇಳಿಯುವ ತಿರುವಿನಲ್ಲಿ ಮಳೆನೀರು ಗುಡ್ಡದ ಕೆಮ್ಮಣ್ಣನ್ನು ದಾರಿಗೆ ತಂದು ಹಾಸಿತ್ತು. ಎದುರಿನಿಂದ ಜೀಪೊಂದು ಬಂದಿತು. ಹುಡುಗನು ಬಲಗೈಯ ಬ್ರೇಕನ್ನು ಒಮ್ಮೆಲೇ ಬಿಗಿಯಾಗಿ ಹಿಡಿದನು. ಅದು ಮುಂದಿನ ಚಕ್ರದ ಬ್ರೇಕು. ಹಿಂದಿನ ಚಕ್ರದ್ದು ಕಾಲಿನಲ್ಲಿ. ಸೈಕಲ್ಲಿನಲ್ಲಿ ಕಲಿತವನಿಗೆ ಕಾಲಿನ ಬ್ರೇಕು ಆಪತ್ತಿನಲ್ಲಿ ನೆನಪಾಗುವುದಿಲ್ಲ. ಒದ್ದೆ ಮಣ್ಣಿನ ಮೇಲೆ ಮುಂದಿನ ಚಕ್ರ ಉರುಳುವುದನ್ನು ನಿಲ್ಲಿಸಿತೆಂದರೆ ಹಿಡಿಯನ್ನು ಎತ್ತ ತಿರುಗಿಸಿದರೂ ಫಲವಿಲ್ಲ. ಸ್ಕೂಟರಿನ ಚಕ್ರಗಳೋ ಹತ್ತು ಅಂಗುಲದವು. ಮೋಟಾರ್ ಸೈಕಲ್ ಹಾರಿಹೋಗುವ ಹೊಂಡದಲ್ಲಿ ಅವು ಇಳಿದು ಕುಳಿತುಬಿಡುತ್ತವೆ. ಜೀಪು ಅವನನ್ನು ಮುಟ್ಟಲಿಲ್ಲ. ಅವನ ತಲೆ ಮೋರಿಯ ಕಲ್ಲಿಗೆ ಬಡಿಯಿತು. ಆ ಜೀಪಿನವನೇ ಅವನನ್ನು ಎತ್ತಿ ಮಲಗಿಸಿಕೊಂಡು ಮಂಗಳೂರಿಗೆ ಧಾವಿಸಿದನು. ನೆರವಾದವನನ್ನು ಪೊಲೀಸರು ಠಾಣೆಗೆ ಅಲೆಸುವರೆಂಬ ಭಯ ಆಗ ಎಲ್ಲರಲ್ಲಿಯೂ ಇತ್ತು. ಅಂತಹವರಿಗೆ ಕಾಯಿದೆಯ ರಕ್ಷಣೆ 2019ರ ತಿದ್ದುಪಡಿಯಲ್ಲಿ ದೊರೆಯಿತು. ಅವನು ಅದಕ್ಕಾಗಿ ಕಾಯಲಿಲ್ಲ.

ಹುಡುಗ ಉಳಿದನು. ಎಡಗಿವಿಯ ಶ್ರವಣಶಕ್ತಿ ಮರಳಲಿಲ್ಲ.

ಅಕ್ಕ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. “ಗ್ರಹಚಾರ” ಎಂದು ನೆರೆಹೊರೆಯವರು ಸಮಾಧಾನ ಹೇಳಿದರು, ನಾನೂ ತಲೆಯಾಡಿಸಿದೆ. 1988ರ ಮೋಟಾರು ವಾಹನಗಳ ಕಾಯಿದೆ ಅಷ್ಟರಲ್ಲಿ ಜಾರಿಗೆ ಬಂದು ಎರಡು ವರ್ಷಗಳಾಗುತ್ತ ಬಂದಿತ್ತು. ಅದರ 129ನೆಯ ಕಲಂ ಶಿರಸ್ತ್ರಾಣವನ್ನು ಹೇಳುತ್ತದೆ. 5ನೆಯ ಕಲಂ ಹೇಳುವುದು ಸವಾರನಿಗಲ್ಲ, ವಾಹನದ ಒಡೆಯನಿಗೆ: ಪರವಾನಗಿಯಿಲ್ಲದವನ ಕೈಗೆ ವಾಹನವನ್ನು ಕೊಡಕೂಡದು. ಪೌರನೀತಿಯನ್ನು ಬೋಧಿಸುತ್ತಿದ್ದ ನಾನು ಅದನ್ನು ಓದಿದ್ದು ಬಹಳ ಕಾಲದ ಅನಂತರ.

2019ರ ತಿದ್ದುಪಡಿ ಇನ್ನೂ ಕಠಿಣವಾದುದು. ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನೋ ಒಡೆಯನೋ ಅಪರಾಧಿ. ಮೂರು ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಹುಡುಗನಿಗೆ 25 ತುಂಬುವವರೆಗೆ ಪರವಾನಗಿಯಿಲ್ಲ. ತನಗೆ ತಿಳಿಯದಂತೆ ನಡೆಯಿತೆಂದು ತೋರಿಸಿಕೊಟ್ಟವನಿಗೆ ವಿನಾಯಿತಿಯುಂಟು. ನನಗೆ ಆ ವಿನಾಯಿತಿ ಸಲ್ಲುತ್ತಿರಲಿಲ್ಲ.

ಗೇರಿಲ್ಲದ ಸ್ಕೂಟರಾದರೆ ಹದಿನಾರಕ್ಕೆ ಓಡಿಸಬಹುದಲ್ಲವೆ ಎಂದು ವಿದ್ಯಾವಂತ ಪೋಷಕರೇ ನನ್ನಲ್ಲಿ ವಾದಿಸಿದ್ದಾರೆ. ಆ ಅವಕಾಶವಿರುವುದು 50 ಸಿಸಿ ಮೀರದ ಎಂಜಿನ್ನಿಗೆ. ಈಗ ಮನೆಮನೆಯಲ್ಲಿರುವವು 110, 125 ಸಿಸಿಯವು. ಶಿರಸ್ತ್ರಾಣವನ್ನು ಮೊಣಕೈಗೆ ತೂಗಿಸಿಕೊಂಡು ಹೋಗುವವರ ವಿಷಯ ಹೇಳದಿರುವುದೇ ಲೇಸು. ತಲೆಯನ್ನು ಕಾಯುವುದು ಹೊರಗಿನ ಗಟ್ಟಿ ಚಿಪ್ಪು ಮಾತ್ರವಲ್ಲ. ಒಳಗಿನ ಥರ್ಮೋಕೋಲಿನಂತಹ ಪದರ ತಾನು ನುಜ್ಜಾಗಿ ಪೆಟ್ಟನ್ನು ನುಂಗುತ್ತದೆ. ಆದ್ದರಿಂದ ಒಮ್ಮೆ ಬಲವಾಗಿ ಬಿದ್ದ ಶಿರಸ್ತ್ರಾಣ ಮತ್ತೆ ಬಳಕೆಗೆ ಬಾರದು. ಗಲ್ಲದ ಪಟ್ಟಿ ಬಿಗಿಯದಿದ್ದರೆ ಅದು ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಕಲೆಹಾಕಿದ 2008ರ ಕಾಕ್ರೇನ್ ಸಮೀಕ್ಷೆಯಂತೆ, ಅದನ್ನು ಧರಿಸಿದವರಲ್ಲಿ ಮರಣದ ಸಂಭವ ನೂರಕ್ಕೆ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ 69ರಷ್ಟು ಕಡಿಮೆ. ಹಿಂಬದಿ ಸವಾರನಿಗೂ ಅದು ಕಡ್ಡಾಯವೆಂದು ನಮ್ಮ ರಾಜ್ಯದಲ್ಲಿ 2016ರಿಂದ ಜಾರಿಯಾಯಿತು.

ಕಳೆದ ವರ್ಷ ನರಿಕೊಂಬಿಗೆ ಹೋಗಿದ್ದೆ. ಅಳಿಯನಿಗೆ ಈಗ ತಲೆ ನರೆತಿದೆ. ಮಾತನಾಡುವಾಗ ಬಲಗಿವಿಯನ್ನು ಮುಂದೆ ತಂದು ಕೊರಳನ್ನು ತುಸು ವಾಲಿಸುವ ಅವನ ರೂಢಿಯನ್ನು ಹೊಸಬರು ವಿನಯವೆಂದು ಭಾವಿಸುತ್ತಾರೆ. ಅವನ ಹದಿನಾರರ ಮಗ ಮೇಲ್ಕಾರಿಗೆ ಹೋಗಲು ಸ್ಕೂಟರಿನ ಕೀಲಿಕೈ ಕೇಳಿದನು. ಅಳಿಯ ನನ್ನತ್ತ ನೋಡದೆಯೇ, “ಅಜ್ಜನ ಹತ್ರ ಕೇಳು” ಎಂದ.

“ಅಜ್ಜ, ಮೇಲ್ಕಾರ್‌ವರೆಗೆ ಮಾತ್ರ” ಎಂದ ಹುಡುಗ.

ನಾನೇ ಕರೆದುಕೊಂಡು ಹೋಗುತ್ತೇನೆಂದು ಎದ್ದೆ. ಮನೆಯಲ್ಲಿ ಶಿರಸ್ತ್ರಾಣ ಒಂದೇ ಇತ್ತು. ಇಬ್ಬರೂ ಕೊಡೆ ಹಿಡಿದು ನಡೆದೇ ಹೋದೆವು.