ಅಕ್ಕನ ಮದುವೆಗೆ ಕಾಳುವೂ ಬಂದಿತ್ತು

"ಕಾಳು ಇಲ್ದೆ ನಾನ್ ಬತ್ತಿಲ್ಲೆ" ಎಂದು ಮದುವೆಯ ಹಿಂದಿನ ದಿನ ಅಕ್ಕ ಹಟ ಹಿಡಿದು ಚಾವಡಿಯಲ್ಲಿ ಕೂತುಬಿಟ್ಟಳು.

ಕಾಳು ನಮ್ಮ ಮನೆಯ ನಾಯಿ. ಒಂದು ಮಳೆಗಾಲದ ಸಂಜೆ ಗದ್ದೆಯ ಅಂಚಿನಲ್ಲಿ ನಡುಗುತ್ತಿದ್ದ ಮರಿಯನ್ನು ಅಕ್ಕ ದುಪಟ್ಟಾದಲ್ಲಿ ಸುತ್ತಿಕೊಂಡು ತಂದಿದ್ದಳು. ಹೆಸರಿಟ್ಟವಳೂ ಅವಳೇ, ಅನ್ನ ಹಾಕುವವಳೂ ಅವಳೇ. ಅವಳು ಬರುವ ಬಸ್ಸಿನ ಸದ್ದು ಕೇಳಿದರೆ ಸಾಕು, ಅದು ಗೇಟಿನ ಬಳಿ ಹಾಜರು.

"ಮದಿ ಹಾಲಿಗೆ ನಾಯಿಯಾ? ಗಂಡಿನ ಕಡಿಯವ್ರ್ ಎಂತ ಹೇಳ್ತ್ರ್?" ಎಂದರು ಅಪ್ಪಯ್ಯ. ಅಕ್ಕ ಬಿಡಲಿಲ್ಲ. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರುವುದಿಲ್ಲ ಎಂದವನಲ್ಲವೇ ಎಂದು ಕೇಳಿದಳು. ರಾತ್ರಿಯಿಡೀ ಕೂತು ಯಕ್ಷಗಾನ ನೋಡುವ ಅಪ್ಪಯ್ಯನಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಅಜ್ಜಿ ಮಾತ್ರ, "ಅದಕ್ ಹಾರ ಎಂತಕ್ ಹೆಣೆ? ಅದಕ್ ಬೇಕಾದ್ ನೀನ್" ಎಂದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಕಾಳುವಿಗೆ ಸ್ನಾನವಾಯಿತು. ಕೊರಳಿಗೆ ಸೇವಂತಿಗೆ ಹಾರ ಬಿತ್ತು. ಹಗ್ಗ ಹಿಡಿದುಕೊಳ್ಳುವ ಕೆಲಸ ಎಸ್ಸೆಸ್ಸೆಲ್ಸಿ ಓದುತ್ತಿದ್ದ ನನ್ನದು. ಹಾಲಿನ ಬಾಗಿಲಲ್ಲಿ ಎಲ್ಲರೂ ಅದರ ಜೊತೆ ಫೋಟೋ ತೆಗೆಸಿಕೊಂಡರು. ಅದು ನಾಲಗೆ ಹೊರಹಾಕಿ ಏದುತ್ತಿತ್ತು. ನಗುತ್ತಿದೆ ಎಂದುಕೊಂಡೆವು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅದು ಏದುವುದು ಸೆಕೆಗೆ, ಕೆಲವೊಮ್ಮೆ ಹೆದರಿಕೆಗೆ ಎಂಬುದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ಅಷ್ಟರಲ್ಲಿ ದಿಬ್ಬಣ ಬಂತು. ವಾದ್ಯ ಜೋರಾಯಿತು. ಯಾರೋ ಗರ್ನಾಲು ಹೊಡೆದರು. ಒಂದೇ ಸೆಳೆತಕ್ಕೆ ಹಗ್ಗ ನನ್ನ ಕೈ ಜಾರಿತು. ಲಾರಿ, ಬಸ್ಸುಗಳು ಹರಿಯುತ್ತಿದ್ದ ಹೆದ್ದಾರಿಯನ್ನು ಕಾಳು ದಾಟಿದ್ದಷ್ಟೇ ಕಂಡಿತು. ಹಿಂದೆ ಓಡಿದೆ, ಸಿಗಲಿಲ್ಲ.

ಮಂಟಪದಿಂದ ಅಕ್ಕನ ಕಣ್ಣು ನನ್ನನ್ನೇ ಹುಡುಕುತ್ತಿತ್ತು. "ಹೊರಗೆ ಕಟ್ಟಿದ್ದೇನೆ" ಎಂದು ಕೈಸನ್ನೆ ಮಾಡಿದೆ. ಅವಳು ನಕ್ಕಳು. ಧಾರೆಯ ಹೊತ್ತಿನಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ, ನನ್ನ ಮುಷ್ಟಿಯ ಅಕ್ಕಿ ಬೆವರಿಗೆ ಅಂಟಿಕೊಂಡಿತ್ತು.

ಊಟವಾದ ಮೇಲೆ ಅಪ್ಪಯ್ಯನಿಗೆ ನಿಜ ಹೇಳಿದೆ. ಬೈಯಲಿಲ್ಲ. ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟರು. ದೇವಸ್ಥಾನದ ಕೆರೆಯ ದಂಡೆ, ಗದ್ದೆ ಬಯಲು, ಎಲ್ಲ ಸುತ್ತಿದ ಮೇಲೆ ಮನೆಯ ಹಟ್ಟಿಯಲ್ಲಿ, ಬೈಹುಲ್ಲಿನ ಹಿಂದೆ ಕಾಳು ಸಿಕ್ಕಿತು. ಅಂಗಾಲು ಕಿತ್ತು ರಕ್ತ ಬಂದಿತ್ತು. ಕೊರಳಲ್ಲಿ ಹಾರದ ದಾರ ಮಾತ್ರ ಉಳಿದಿತ್ತು. ನಾವು ಕರೆದರೆ ಹೊರಗೆ ಬರಲಿಲ್ಲ. ಗಂಡನ ಮನೆಗೆ ಹೊರಡುವ ಮೊದಲು ಅಕ್ಕ ಧಾರೆ ಸೀರೆಯಲ್ಲೇ ಹಟ್ಟಿಯ ನೆಲದಲ್ಲಿ ಕೂತಳು. ಆಗ ಕಾಳು ತೆವಳಿಕೊಂಡು ಬಂದು ಅವಳ ಮಡಿಲಲ್ಲಿ ತಲೆಯಿಟ್ಟಿತು. ಮದುವೆಗೆ ಕಾಳು ಬಂದದ್ದು ಆ ಹೊತ್ತಿನಲ್ಲಿ ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ನಾವು ಕೇಳುವುದು ಹೆಚ್ಚೆಂದರೆ 20 ಸಾವಿರ ಹರ್ಟ್ಸ್‌ವರೆಗಿನ ಸದ್ದು. ನಾಯಿ ಸುಮಾರು 45 ಸಾವಿರದವರೆಗೂ ಕೇಳುತ್ತದೆ. ನಮಗೆ ದೂರವೆನಿಸುವ ಸದ್ದನ್ನೂ ಹಿಡಿಯುವ ಕಿವಿಯ ಪಕ್ಕದಲ್ಲೇ ನಾವು ಗರ್ನಾಲು ಹೊಡೆದಿದ್ದೆವು. ಪ್ರೀತಿಯಿಂದ ಹಾಕುವ ಎಂಜಲೆಲೆಯೂ ಹಾಗೆಯೇ. ಪಾಯಸದ ಒಣದ್ರಾಕ್ಷಿ, ಪಲ್ಯದ ಈರುಳ್ಳಿ, ಮಕ್ಕಳ ಕೈಯ ಚಾಕೊಲೇಟು, ಈ ಮೂರೂ ನಾಯಿಗೆ ವಿಷ.

ನಮ್ಮ ಜಿಲ್ಲೆಯಲ್ಲಿ ಪ್ರಾಣಿಗಳನ್ನೇ ಮದುಮಕ್ಕಳಾಗಿಸಿದ್ದೂ ಉಂಟು. ಮಳೆ ಬರಲೆಂದು 2019ರ ಜೂನ್‌ನಲ್ಲಿ ಉಡುಪಿಯಲ್ಲಿ ವರುಣ, ವರ್ಷಾ ಎಂಬ ಕಪ್ಪೆಗಳಿಗೆ ಮದುವೆ ಮಾಡಿಸಿದ್ದರು. ಈಗ ಮದುವೆಯ ಫೋಟೋಗಳಲ್ಲಿ ನಾಯಿಯ ತಲೆಗೂ ಪೇಟ ಏರುತ್ತದೆ. ತಪ್ಪೆನ್ನಲಾರೆ. ಆದರೆ ನಮ್ಮ ದೀಪಾವಳಿಯ ಗೋಪೂಜೆಯನ್ನು ನೋಡಿ. ಅಲ್ಲಿ ಗಂಟಿಗಳನ್ನು ಯಾರೂ ಚಾವಡಿಗೆ ಎಳೆದು ತರುವುದಿಲ್ಲ. ಮನೆಯವರೇ ಹಟ್ಟಿಗೆ ಹೋಗಿ, ಮೈ ತೊಳೆದು, ಹಾರ ಹಾಕಿ, ತಿನ್ನಲು ಕೊಟ್ಟು ಬರುತ್ತಾರೆ. ಹಬ್ಬ ಪ್ರಾಣಿಯಿದ್ದಲ್ಲಿಗೆ ಹೋಗುತ್ತದೆ. ಅಜ್ಜಿ ಹೇಳಿದ್ದೂ ಅದನ್ನೇ.

ಮಕ್ಕಳು ಮದುವೆಗೆ ನಾಯಿ ಬರಲೇಬೇಕೆಂದರೆ ಗದರಬೇಡಿ, ಆ ಪ್ರೀತಿ ಸಣ್ಣದಲ್ಲ. ಆದರೆ ಅದಕ್ಕೆ ನಮ್ಮ ಗದ್ದಲ ಬೇಕೇ, ನಾವು ಬೇಕೇ ಎಂದು ಅವರನ್ನೇ ಕೇಳಿ. ಬೆಳಿಗ್ಗೆ ಹೊರಡುವ ಮುಂಚೆ ಹತ್ತು ನಿಮಿಷ ಅದರ ಬಳಿ ಕೂತರೆ, ಪರಿಚಯದವರೊಬ್ಬರನ್ನು ಮನೆಯಲ್ಲಿ ಬಿಟ್ಟು ಹೋದರೆ, ಅದರ ಪಾಲಿನ ಮದುವೆ ಸಾಂಗವಾದಂತೆ.

ಆ ವರ್ಷದ ಕೊಡಿ ಹಬ್ಬಕ್ಕೆ ಅಕ್ಕ, ಭಾವ ಬಂದರು. ಕೋಟಿಲಿಂಗೇಶ್ವರನ ತೇರಿಗೆ ಬಂದ ಹೊಸ ಜೋಡಿ ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುವುದು ಇಲ್ಲಿಯ ಪದ್ಧತಿ. ದೇವಸ್ಥಾನಕ್ಕೆ ಹೊರಡುವ ಮೊದಲು ಅಕ್ಕ ಕಾಳುವನ್ನು ಒಳಕೋಣೆಗೆ ಕರೆದೊಯ್ದು, ತನ್ನ ಹಳೆಯ ದುಪಟ್ಟಾ ಹಾಸಿ, ಕಿಟಕಿ ಮುಚ್ಚಿದಳು. ಅಜ್ಜಿ ಜೊತೆಗೆ ಕೂತರು. ಸಂಜೆ ಹಿಂತಿರುಗಿದ ಅಕ್ಕ ಕಬ್ಬಿನ ಕೊಡಿಯನ್ನು ಅದರ ಮೂಗಿಗೆ ಹಿಡಿದಳು. ಕಾಳು ಮೂಸಿ ನೋಡಿ ಒಮ್ಮೆ ಸೀನಿತು. ಆಮೇಲೆ ಕಬ್ಬನ್ನು ಬಿಟ್ಟು ಅವಳ ಕೈ ನೆಕ್ಕತೊಡಗಿತು.