ತೆಂಗಿನ ಸೀಮೆಯೂ ಶಹಾಜಿಯ ಕಾಲವೂ

ತಿಪಟೂರಿನಿಂದ ಹಾಲ್ಕುರಿಕೆಯ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ತೆಂಗಿನ ತೋಟಗಳೇ. ಅವುಗಳ ನಡುವೆ ಹೊನ್ನವಳ್ಳಿ. ಊರಿನ ದೇವತೆ ಸ್ವರ್ಣಾಂಬೆ, ಜನರ ಬಾಯಲ್ಲಿ ಹೊನ್ನಮ್ಮ. ಊರಿಗೆ ಹೆಸರು ಬಂದದ್ದು ಆಕೆಯಿಂದಲೇ. ಇಂದು ಇದು ತಿಪಟೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. 19ನೆಯ ಶತಮಾನದಲ್ಲಿ ಇದೇ ತಾಲ್ಲೂಕಿನ ಕಸಬೆಯಾಗಿತ್ತು. ರೈಲುದಾರಿಯ ತಿಪಟೂರು ಬೆಳೆದಂತೆ ಹೊನ್ನವಳ್ಳಿ ಹಿಂದೆ ಸರಿಯಿತು.

ಇಲ್ಲಿನ ಮನೆಗಳ ಅಟ್ಟ ನೋಡಬೇಕಾದದ್ದು. ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹತ್ತು-ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಕುಗ್ಗಿ ಚಿಪ್ಪಿನಿಂದ ಬಿಡುತ್ತದೆ, ಅಲ್ಲಾಡಿಸಿದರೆ ಒಳಗೆ ಗುಡುಗುಡು ಸದ್ದು. ಇದೇ ಉಂಡೆ ಕೊಬ್ಬರಿ. ಸಸಿ ನೆಟ್ಟು ವರ್ಷಗಟ್ಟಲೆ ಕಾದ ಮೇಲೆ ಕಾಯಿ, ಕಾಯಿ ಬಿದ್ದು ಮತ್ತೊಂದು ವರ್ಷಕ್ಕೆ ಕೊಬ್ಬರಿ. ಇಂಥ ಬೆಳೆಯನ್ನು ನಂಬಿದ ಸೀಮೆಗೆ ಬೇಕಾದದ್ದು ನೆಮ್ಮದಿ. 17ನೆಯ ಶತಮಾನದಲ್ಲಿ ಇಲ್ಲಿಗೆ ದೊರಕದೆ ಹೋದದ್ದೂ ಅದೇ.

ಆಗ ಈ ಭಾಗದಲ್ಲಿ ಹಾಗಲವಾಡಿ ಪಾಳೆಯಗಾರರ ಆಳ್ವಿಕೆ. ಚಿಕ್ಕನಾಯಕನಹಳ್ಳಿಗೆ ಹೆಸರು ಬಂದದ್ದು ಆ ಮನೆತನದ ಚಿಕ್ಕನಾಯಕನಿಂದ. ವಿಜಯನಗರ ಕುಸಿದ ಮೇಲೆ ಇಂಥ ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿ ಸ್ವತಂತ್ರರಂತೆಯೇ ಇದ್ದರು. 1638ರ ಸುಮಾರಿಗೆ ಬಿಜಾಪುರದ ಆದಿಲಶಾಹಿ ಸೈನ್ಯ ರಣದುಲ್ಲಾಖಾನನ ನಾಯಕತ್ವದಲ್ಲಿ ದಕ್ಷಿಣಕ್ಕಿಳಿಯಿತು. ಬೆಂಗಳೂರು ಕೆಂಪೇಗೌಡರ ಕೈತಪ್ಪಿತು, ಅವರು ಮಾಗಡಿಗೆ ಹೋಗಬೇಕಾಯಿತು. ಶಿರಾದ ಕಸ್ತೂರಿ ರಂಗಪ್ಪನಾಯಕನನ್ನು ಮಾತುಕತೆಗೆ ಬಂದಾಗ ಅಫಜಲಖಾನನು ಕೊಂದನೆಂದು ಇತಿಹಾಸಕಾರರು ಬರೆದಿದ್ದಾರೆ. ಮುಂದೆ ಚಿಕ್ಕನಾಯಕನಹಳ್ಳಿಯೂ ಬಿಜಾಪುರಕ್ಕೆ ಸೋತಿತು. ಶಿವಾಜಿಯ ಕಥೆ ಓದಿದ ಮಕ್ಕಳಿಗೆ ಈ ಅಫಜಲಖಾನ ಗೊತ್ತು. 1659ರಲ್ಲಿ ಪ್ರತಾಪಗಡದ ತಪ್ಪಲಲ್ಲಿ ಅಂಥದೇ ಒಂದು ಭೇಟಿಯಲ್ಲಿ ಆತ ಸತ್ತ.

ಅದೇ ದಂಡಿನಲ್ಲಿ ಬಂದಿದ್ದ ಮತ್ತೊಬ್ಬ ಸರದಾರ ಶಿವಾಜಿಯ ತಂದೆ ಶಹಾಜಿ ಭೋಸಲೆ. ಅಹಮದ್‌ನಗರದ ನಿಜಾಮಶಾಹಿಯಲ್ಲಿ ಮೇಲೆ ಬಂದವನು. 1636ರಲ್ಲಿ ಆ ರಾಜ್ಯವೇ ಮುಳುಗಿದಾಗ ಬಿಜಾಪುರದ ಸೇವೆಗೆ ಸೇರಿದ. ಗೆದ್ದ ನಾಡಿನಲ್ಲಿ ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ ಅವನ ವಶಕ್ಕೆ ಬಂದವು. ಬೆಂಗಳೂರೇ ಅವನ ರಾಜಧಾನಿ. ಬಾಲಕ ಶಿವಾಜಿ ಕೆಲಕಾಲ ಅಲ್ಲಿದ್ದದ್ದೂ ಆಗಲೇ.

ಶಹಾಜಿಯ ಜಾಣತನ ಯುದ್ಧಕ್ಕಿಂತ ಆಡಳಿತದಲ್ಲಿ ಹೆಚ್ಚು ಕಾಣುತ್ತದೆ. ಸೋತ ಪಾಳೆಯಗಾರರನ್ನು ಬುಡಸಮೇತ ಕೀಳುವ ಬದಲು ಕಪ್ಪ ಕೊಡುವಂತೆ ಮಾಡಿ ಉಳಿಸಿಕೊಳ್ಳುವುದು ಅವನ ನೀತಿ. ದೇಶಮುಖ, ದೇಶಪಾಂಡೆ ಮುಂತಾದ ಹುದ್ದೆಗಳೂ ಮರಾಠಿ ಲೆಕ್ಕಪತ್ರದ ಪದ್ಧತಿಯೂ ಈ ಸೀಮೆಯಲ್ಲಿ ಬೇರೂರಿದ್ದು ಅವನ ಕಾಲದಿಂದ. ಬೆಂಗಳೂರಿನ ಅವನ ಆಸ್ಥಾನದ ಜಯರಾಮ ಪಿಂಡ್ಯೆ ಎಂಬ ಕವಿ ಹನ್ನೆರಡು ಭಾಷೆಗಳನ್ನು ಬಳಸಿ ಅವನನ್ನು ಹೊಗಳಿದ್ದಾನೆ. ಹೊಗಳುಭಟ್ಟರ ಮಾತನ್ನು ಅಳೆದೇ ತೆಗೆದುಕೊಳ್ಳಬೇಕು, ನಿಜ. ಆದರೂ ಹನ್ನೆರಡು ಭಾಷೆ ಕೇಳುವ ಕಿವಿಗಳು ಆ ಆಸ್ಥಾನದಲ್ಲಿ ಇದ್ದವೆಂಬುದು ಸಣ್ಣ ಸಂಗತಿಯಲ್ಲ.

ಆದರೆ ಸರದಾರನ ಬದುಕು ದೊರೆಯ ಮರ್ಜಿಯ ಮೇಲೆ ನಿಂತದ್ದು. 1648ರಲ್ಲಿ ಜಿಂಜಿಯ ಮುತ್ತಿಗೆಯ ವೇಳೆ ಮೇಲಧಿಕಾರಿ ಮುಸ್ತಫಾಖಾನನೇ ಶಹಾಜಿಯನ್ನು ಸೆರೆಹಿಡಿದ. 1649ರಲ್ಲಿ ಬಿಡುಗಡೆಯಾಗಲು ಶಿವಾಜಿ ಕೊಂಡಾಣಾ ಕೋಟೆಯನ್ನು ಬಿಟ್ಟುಕೊಡಬೇಕಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಸಂಸತ್ತಿನ ಕಡೆಯವರು ದೊರೆ ಒಂದನೆಯ ಚಾರ್ಲ್ಸನ ತಲೆಯನ್ನೇ ತೆಗೆಸಿದರು. ಇಲ್ಲಿ ದೊರೆ ಸರದಾರನನ್ನು ಕಟ್ಟಿಹಾಕಿದ, ಅಲ್ಲಿ ಪ್ರಜೆಗಳು ದೊರೆಯನ್ನು.

1664ರ ಜನವರಿಯಲ್ಲಿ, ಬಸವಾಪಟ್ಟಣದ ಸೀಮೆಯ ಹೊದಿಗೆರೆಯ ಬಳಿ ಬೇಟೆಯಲ್ಲಿ ಕುದುರೆಯಿಂದ ಬಿದ್ದು ಶಹಾಜಿ ತೀರಿಕೊಂಡ. ಮಗ ವೆಂಕೋಜಿ ತಂಜಾವೂರಿಗೆ ಹೋಗಿ ನೆಲೆ ನಿಂತ. ಕಾವಲು ಸಡಿಲವಾದದ್ದನ್ನು ಮೈಸೂರು ನೋಡುತ್ತಲೇ ಇತ್ತು. 1670ರ ದಶಕದಲ್ಲಿ ಚಿಕ್ಕದೇವರಾಜ ಒಡೆಯರ ಪಡೆ ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿ, ತುರುವೇಕೆರೆಗಳನ್ನು ಹಿಡಿಯಿತು. 1687ರಲ್ಲಿ ಬೆಂಗಳೂರು ಮೊದಲು ಮೊಗಲರ ಕೈಸೇರಿ, ಬಳಿಕ ಮೂರು ಲಕ್ಷ ರೂಪಾಯಿಗೆ ಮೈಸೂರಿನದಾಯಿತು. ಒಬ್ಬ ರೈತ ಎಳೆಯ ವಯಸ್ಸಿನಲ್ಲಿ ನೆಟ್ಟ ತೆಂಗಿನ ಮರ ಮುಪ್ಪಾಗುವ ಮೊದಲೇ ಅದರ ಕಂದಾಯ ಮೂರು ಒಡೆಯರಿಗೆ ಸಂದಿತ್ತು.

ಹೊದಿಗೆರೆ ಇಂದು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿದೆ. ತಿಪಟೂರಿನಿಂದ ಹೋಗುವವರು ಅರಸೀಕೆರೆ, ಕಡೂರು, ಬೀರೂರು ದಾಟಿ ಚನ್ನಗಿರಿ ಸೇರಬಹುದು. ದಾರಿಯಲ್ಲಿ ತೆಂಗು ಕಡಿಮೆಯಾಗುತ್ತ ಅಡಿಕೆ ಹೆಚ್ಚುತ್ತದೆ. ಗೋಲಗುಂಬಜ್ ನೋಡಿ ಬಂದವರು ಶಹಾಜಿಯ ಸಮಾಧಿಯಲ್ಲಿ ಅಂಥ ವೈಭವ ಹುಡುಕಬಾರದು. ಅದು ಬಯಲಲ್ಲಿರುವ ಸರಳವಾದ ಕಲ್ಲಿನ ಕಟ್ಟೆ. ಮಹಾರಾಷ್ಟ್ರದಿಂದಲೂ ಜನ ಅದನ್ನು ಹುಡುಕಿಕೊಂಡು ಬರುತ್ತಾರೆ.